ಹಾಲಾದ ಆಯಿಲ್ ಚೆಲ್ಲುವ ಮುನ್ನ

ದೋಣಿಯ ಎಂಜಿನ್‌ನಿಂದ ಡಿಪ್‌ಸ್ಟಿಕ್ ಎಳೆದಾಗ ಅದಕ್ಕೆ ಅಂಟಿದ ಆಯಿಲ್ ಕಪ್ಪಗಿರದೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದು ಯಾವ ಮೆಕ್ಯಾನಿಕ್ ಆದರೂ ಹೇಳುತ್ತಾನೆ. ತಕರಾರು ಇರುವುದು ಆಮೇಲಿನ ಕೆಲಸದ ಬಗ್ಗೆ. ಎಂಜಿನ್ ತಳದ ಆಯಿಲ್ ಚೇಂಬರ್‌ನ ನಟ್ ಬಿಚ್ಚಿ ಕೆಟ್ಟ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ತುಂಬಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ‘ಸರಿಯಾಯ್ತು ನೋಡಿ’ ಎಂದು ಬಿಲ್ ಬರೆಯುವುದು ರೂಢಿ. ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ ಕೇಳುವವರಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ಮುಖ್ಯ ಸಾಕ್ಷಿ, ಅಂದರೆ ಆ ಹಾಲಾದ ಆಯಿಲ್, ಅಷ್ಟರಲ್ಲಿ ಹಳೇ ಡಬ್ಬ ಸೇರಿರುತ್ತದೆ ಅಥವಾ ಮೋರಿ ಪಾಲಾಗಿರುತ್ತದೆ. ಸ್ವಂತ ದೋಣಿಯ ಮಾಲೀಕ ಹೀಗೆ ಮಾಡಿಕೊಂಡರೆ ನಷ್ಟ ಅವನದು. ಆದರೆ ಪ್ರವಾಹದಲ್ಲಿ ಜನರನ್ನು ಕರೆತರುವ ದೋಣಿ, ಟಿಕೆಟ್ ಕೊಟ್ಟು ಮಕ್ಕಳನ್ನು ಹತ್ತಿಸಿಕೊಳ್ಳುವ ದೋಣಿ ಸಾರ್ವಜನಿಕರದು. ಅಂಥ ದೋಣಿಗಳ ಮಟ್ಟಿಗಾದರೂ ಒಂದು ನಿಯಮ ಬೇಕು: ನೀರಿನ ಮೂಲ ಯಾವುದೆಂದು ಬರೆದುಕೊಡದೆ ಆಯಿಲ್ ಬದಲಿಸಿದ್ದಕ್ಕೆ ಸರ್ಕಾರದ ಹಣ ಪಾವತಿಯಾಗಬಾರದು.

ಈ ಮಾತಿಗೆ ಗುಜರಾತಿನ ಮೂರು ನಗರಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಒಂದೇ ರಾಜ್ಯದ ನದಿದಂಡೆಯ ಊರುಗಳು. ಹೆದ್ದಾರಿಯಲ್ಲಿ ಹೊರಟರೆ ಒಂದೇ ದಿನದಲ್ಲಿ ಮೂರನ್ನೂ ಮುಟ್ಟಬಹುದು. ಆದರೂ ಅಲ್ಲಿನ ಸಾಬರಮತಿ, ವಿಶ್ವಾಮಿತ್ರಿ, ತಾಪಿ ನದಿಗಳ ನೀರು ಬೇರೆ ಬೇರೆ, ದೋಣಿ ಓಡುವ ರೀತಿ ಬೇರೆ, ಆದ್ದರಿಂದ ಆಯಿಲ್‌ಗೆ ನೀರು ಸೇರುವ ದಾರಿಯೂ ಬೇರೆ. ಕಣ್ಣಿಗೆ ಕಾಣುವ ಬಣ್ಣ ಮಾತ್ರ ಒಂದೇ. ಬಣ್ಣ ನೋಡಿ ಔಷಧ ಕೊಡುವ ಪದ್ಧತಿ ಯಾಕೆ ಸಾಲದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. 2019ರಲ್ಲಿ ಕೃಷ್ಣಾ, ಮಲಪ್ರಭಾ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆಯ ಊರುಗಳಲ್ಲಿ ಓಡಾಡಿದ್ದೂ ಅಲ್ಲಿನ ನೆರೆಯಲ್ಲಿ ಓಡುವಂಥವೇ ರಬ್ಬರ್ ದೋಣಿಗಳು, ದೋಣಿಯ ಹಿಂಬದಿಗೆ ಸಿಕ್ಕಿಸುವ ಅಂಥವೇ ಔಟ್‌ಬೋರ್ಡ್ ಎಂಜಿನ್‌ಗಳು. ಹಾಗಾಗಿ ಇದು ಬೇರೆ ರಾಜ್ಯದವರ ಸಮಾಚಾರ ಎಂದು ನಾವು ಪುಟ ತಿರುಗಿಸುವಂತಿಲ್ಲ.

ಮೊದಲು ನೀರು ಮಾಡುವ ಹಾನಿಯ ಲೆಕ್ಕ. ಎಂಜಿನ್ ಆಯಿಲ್‌ನಲ್ಲಿ ನೀರಿನ ಅಂಶ ಶೇ 0.2ರ ಆಸುಪಾಸಿಗೆ ಬಂದರೆ ಎಚ್ಚರಿಕೆಯ ಗಂಟೆ ಎಂದು ಆಯಿಲ್ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಹತ್ತು ಲೀಟರ್ ಆಯಿಲ್‌ಗೆ ಇದು ಕೇವಲ 20 ಮಿಲಿ, ನಾಲ್ಕು ಚಮಚ ನೀರು. ಕ್ರ್ಯಾಂಕ್ ಶಾಫ್ಟ್ ಮತ್ತು ಬೇರಿಂಗ್ ಒಂದಕ್ಕೊಂದು ತಾಗದಂತೆ ತಡೆಯುವುದು ಆಯಿಲ್‌ನ ತೆಳುವಾದ ಪದರ. ನೀರು ಸೇರಿದಲ್ಲಿ ಆ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಆಯಿಲ್‌ಗೆ ಕಾರ್ಖಾನೆಯಲ್ಲೇ ಬೆರೆಸಿದ ರಕ್ಷಕ ರಾಸಾಯನಿಕಗಳು ನೀರಿನ ಜತೆ ಸೇರಿ ಕೆಡುತ್ತವೆ, ಲೋಳೆಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎಂಜಿನ್ ನಿಂತಿದ್ದಾಗಲೂ ಕೆಡುಕು ನಿಲ್ಲುವುದಿಲ್ಲ. ಉಪ್ಪುನೀರಾದರೆ ಒಂದೆರಡು ರಾತ್ರಿಯಲ್ಲೇ ಬೇರಿಂಗ್‌ನ ನುಣುಪು ಮೈಯಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಎಂಜಿನ್ ಸೀಜ್ ಆಗುವುದು ವಾರಗಳ ನಂತರ, ಯಾರೂ ಎಣಿಸದ ಹೊತ್ತಿನಲ್ಲಿ. ಆಗ ಮೊನ್ನೆ ಮೊನ್ನೆ ಆಯಿಲ್ ಬದಲಿಸಿದ ಬಿಲ್ ತೋರಿಸಿ ಎಲ್ಲರೂ ಕೈ ತೊಳೆದುಕೊಳ್ಳಬಹುದು.

ಈಗ ಸೂರತ್. ತಾಪಿ ನದಿಗೆ ಸಿಂಗಣಪೋರ್‌ನಲ್ಲಿ ಅಡ್ಡಕಟ್ಟು ಕಟ್ಟಲಾಗಿದೆ. ಅದರ ಮೇಲ್ಭಾಗದಲ್ಲಿ ನಿಂತಿರುವುದು ಸಿಹಿನೀರು, ನಗರಕ್ಕೆ ಕುಡಿಯುವ ನೀರಿನ ಆಸರೆ. ಕೆಳಭಾಗದಲ್ಲಿ ಮಗದಲ್ಲಾ, ಹಜೀರಾ ಕಡೆಗೆ ಖಂಭಾತ್ ಕೊಲ್ಲಿಯ ಭರತ ಏರಿ ಬರುತ್ತದೆ, ನೀರು ಉಪ್ಪು. ಒಂದೇ ನಗರದ ಎರಡು ದೋಣಿಗಳ ಆಯಿಲ್ ಒಂದೇ ದಿನ ಹಾಲಾದರೂ, ಅಡ್ಡಕಟ್ಟಿನ ಕೆಳಗಿನ ದೋಣಿಯ ಆಯಿಲ್‌ಗೆ ಒಂದು ಅನುಕೂಲವಿದೆ. ಅದರೊಳಗಿನ ನೀರು ತನ್ನ ಊರು ಯಾವುದೆಂದು ತಾನೇ ಹೇಳುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಜತೆ ಸ್ವಲ್ಪ ಆಯಿಲ್ ಕುಲುಕಿ, ಬಾಟಲಿಯನ್ನು ನಿಲ್ಲಲು ಬಿಟ್ಟು, ಕೆಳಗೆ ಇಳಿದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ, ಸಮುದ್ರದ ಉಪ್ಪಿದ್ದಲ್ಲಿ ಬಿಳಿಯ ಗಸಿ ದಟ್ಟವಾಗಿ ಕಟ್ಟುತ್ತದೆ. ಇದು ಪಿಯುಸಿ ಪ್ರಯೋಗಾಲಯದ ಪಾಠ. ನಲ್ಲಿ ನೀರಿಗೂ ತುಸು ಮಂಜು ಕವಿಯುವುದುಂಟು, ಆದರೆ ಸಮುದ್ರದ ನೀರಿಗೂ ಅದಕ್ಕೂ ಇರುವ ಅಂತರ ಕಣ್ಣಿಗೇ ಕಾಣುತ್ತದೆ. ಪ್ರಯೋಗಾಲಯಕ್ಕೆ ಕಳಿಸಿದರೆ ಇನ್ನೂ ಖಚಿತ: ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅದರಲ್ಲಿ ಸೋಡಿಯಂ ಜತೆಗೆ ಮೆಗ್ನೀಷಿಯಂ ಕೂಡ ಗೊತ್ತಾದ ಪ್ರಮಾಣದಲ್ಲಿ ಇರುತ್ತದೆ. ಅವೆರಡೂ ಒಟ್ಟಿಗೆ ಏರಿದ್ದರೆ ನೀರು ಹೊರಗಿನದು. ಸೋಡಿಯಂ ಅಥವಾ ಪೊಟ್ಯಾಷಿಯಂ ಮಾತ್ರ ಏರಿ, ಜತೆಗೆ ಗ್ಲೈಕಾಲ್ ಕಂಡರೆ ಅದು ಎಂಜಿನ್‌ನದೇ ಕೂಲೆಂಟ್. ಉಪ್ಪೂ ಇಲ್ಲ, ಗ್ಲೈಕಾಲೂ ಇಲ್ಲ ಎಂದಾದರೆ ಎಂಜಿನ್ ಒಳಗೇ ಹುಟ್ಟುವ ಆವಿಯ ನೀರಿನ ಮೇಲೆ ಅನುಮಾನ ಪಡಬೇಕು.

ಈ ಮೂರರ ನಡುವೆ ಆರಿಸಿಕೊಳ್ಳುವುದು ಯಾಕೆ ಮುಖ್ಯ ಎಂದರೆ, ಮೂರಕ್ಕೂ ಬಿಚ್ಚಬೇಕಾದ ಭಾಗ ಬೇರೆ. ಆಯಿಲ್‌ನಲ್ಲಿ ನೀರು ಎಂದ ಕೂಡಲೇ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎನ್ನುವುದು ಲಾರಿ ಗ್ಯಾರೇಜಿನ ಅಭ್ಯಾಸ. ಲಾರಿಗೆ ಅದು ಬಹಳ ಸಲ ನಿಜವೂ ಹೌದು. ಆದರೆ ಲಾರಿ ಎಂಜಿನ್ನನ್ನೇ ದೋಣಿಗೆ ಕೂರಿಸಿದಾಗ ಅದಕ್ಕೆ ರೇಡಿಯೇಟರ್ ಇರುವುದಿಲ್ಲ. ಹೊರಗಿನ ನೀರನ್ನೇ ಪಂಪ್ ಮಾಡಿ ಹೀಟ್ ಎಕ್ಸ್‌ಚೇಂಜರ್‌ಗೆ, ಆಯಿಲ್ ಕೂಲರ್‌ಗೆ, ಕೆಲವೊಮ್ಮೆ ಸೈಲೆನ್ಸರ್‌ಗೂ ಹರಿಸುತ್ತಾರೆ. ಅಂದರೆ ನದಿ ಎಂಜಿನ್‌ನ ಒಳಗೇ ಹಾದು ಹೋಗುತ್ತಿರುತ್ತದೆ. ತಾಪಿಯ ಅಳಿವೆ ಕೂಡುವ ಖಂಭಾತ್ ಕೊಲ್ಲಿಯಲ್ಲಿ ಭರತ ಇಳಿತದ ಅಂತರ ಭಾವನಗರದ ಕಡೆ 10 ಮೀಟರ್ ಮೀರುತ್ತದೆ, ಆ ರಭಸಕ್ಕೆ ನೀರು ಸದಾ ಕೆಸರು. ಅದೇ ಕೆಸರು ಪಂಪಿನ ರಬ್ಬರ್ ಇಂಪೆಲ್ಲರನ್ನು ತೇಯುತ್ತದೆ, ಕೂಲರ್‌ನ ಸಣ್ಣ ಕೊಳವೆಗಳನ್ನು ಒಳಗಿನಿಂದ ಸವೆಸುತ್ತದೆ. ಉಪ್ಪು ಉಳಿದ ಕೆಲಸ ಮುಗಿಸುತ್ತದೆ. ಕೂಲರ್‌ನ ಕೊಳವೆ ತೂತಾದರೆ ಗ್ಯಾಸ್ಕೆಟ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ.

ಕೂಲರ್ ತೂತಾದ ಎಂಜಿನ್ ಒಂದು ವಿಚಿತ್ರ ಆಟ ಆಡುತ್ತದೆ, ಅದನ್ನು ತಿಳಿಯದಿದ್ದರೆ ಒಳ್ಳೆಯ ಮೆಕ್ಯಾನಿಕ್ ಕೂಡ ಮೋಸ ಹೋಗುತ್ತಾನೆ. ಎಂಜಿನ್ ಓಡುತ್ತಿರುವಾಗ ಆಯಿಲ್‌ನ ಒತ್ತಡ ಸಾಮಾನ್ಯವಾಗಿ 3ರಿಂದ 5 ಬಾರ್, ತಂಪು ನೀರಿನ ಒತ್ತಡ 1 ಬಾರ್‌ನ ಸುತ್ತಮುತ್ತ. ಹಾಗಾಗಿ ಆಗ ತೂತಿನ ಮೂಲಕ ಹೋಗುವುದು ಆಯಿಲ್, ನೀರಿನೊಳಕ್ಕೆ. ಎಂಜಿನ್ ನಿಲ್ಲಿಸಿದ ಮರುಕ್ಷಣ ಆಯಿಲ್‌ನ ಒತ್ತಡ ಸೊನ್ನೆ. ಈಗ ಪೈಪಿನಲ್ಲಿ ನಿಂತ ನೀರು ನಿಧಾನವಾಗಿ ಆಯಿಲ್ ಕಡೆಗೆ ಜಿನುಗುತ್ತದೆ. ಎಂಜಿನ್ ಓಡಿಸಿ, ಬಿಸಿಯಾಗಿರುವಾಗಲೇ ಪರೀಕ್ಷಿಸಿದವನಿಗೆ ಏನೂ ಸಿಗುವುದಿಲ್ಲ. ರಾತ್ರಿಯೆಲ್ಲ ನಿಂತ ಎಂಜಿನ್‌ನ ಚೇಂಬರ್ ನಟ್ಟನ್ನು ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲೇ, ಅರ್ಧ ಸುತ್ತು ಸಡಿಲಿಸಿ ನೋಡಿದವನಿಗೆ ಆಯಿಲ್‌ಗಿಂತ ಮೊದಲು ಸ್ವಚ್ಛ ನೀರಿನ ಹನಿ ಬೀಳುವುದು ಕಾಣುತ್ತದೆ, ಯಾಕೆಂದರೆ ಆಯಿಲ್‌ಗಿಂತ ಭಾರವಾದ ನೀರು ತಳದಲ್ಲಿ ಕೂತಿರುತ್ತದೆ. ನೀರು ಹೊರಹೋಗುವ ಪೈಪಿನ ಬಾಯಲ್ಲಿ ಕಾಮನಬಿಲ್ಲಿನ ಬಣ್ಣದ ಎಣ್ಣೆಯ ಪೊರೆ ಮತ್ತು ಮುಂಜಾನೆ ತಳದಲ್ಲಿ ನೀರು, ಇವೆರಡೂ ಜತೆಯಾಗಿ ಸಿಕ್ಕರೆ ಕೂಲರ್ ಬಿಟ್ಟು ಬೇರೆ ಕಡೆ ಹುಡುಕುವ ಅಗತ್ಯ ಬಹುತೇಕ ಇರುವುದಿಲ್ಲ. ಇಲ್ಲಿ ಖರ್ಚಾಗಿದ್ದು ಒಂದು ರಾತ್ರಿ ಮತ್ತು ಒಂದು ಸ್ಪ್ಯಾನರ್. ಇಷ್ಟಕ್ಕೂ ತಾಳ್ಮೆಯಿಲ್ಲದೆ ನೇರವಾಗಿ ಹೆಡ್ ಬಿಚ್ಚುವುದಕ್ಕೆ ಮಾತ್ರ ಮೂರು ದಿನ ಸಿಗುತ್ತದೆ.

ಇನ್ನೊಂದು ದಾರಿಯನ್ನೂ ಹೇಳಬೇಕು, ಅದು ಮನುಷ್ಯ ಮಾಡಿಕೊಳ್ಳುವುದು. ಸೈಲೆನ್ಸರ್‌ಗೆ ನೀರು ಬಿಡುವ ಎಂಜಿನ್ ಸ್ಟಾರ್ಟ್ ಆಗದಿದ್ದಾಗ ಸೆಲ್ಫ್ ಹೊಡೆಯುತ್ತಲೇ ಇದ್ದರೆ, ಪಂಪ್ ತನ್ನ ಪಾಡಿಗೆ ನೀರು ಎಳೆಯುತ್ತಿರುತ್ತದೆ. ಅದನ್ನು ಹೊರಗೆ ನೂಕಬೇಕಾದ ಹೊಗೆ ಇನ್ನೂ ಹುಟ್ಟಿಲ್ಲ. ನೀರು ಸೈಲೆನ್ಸರ್ ತುಂಬಿ, ಹಿಮ್ಮುಖವಾಗಿ ಸಿಲಿಂಡರ್‌ಗೆ ಹರಿದು, ಪಿಸ್ಟನ್ ರಿಂಗ್‌ಗಳ ಸಂದಿನಿಂದ ಚೇಂಬರ್‌ಗೆ ಇಳಿಯುತ್ತದೆ. ಎಂಜಿನ್‌ನ ಒಂದು ಭಾಗವೂ ಒಡೆದಿರುವುದಿಲ್ಲ, ಗ್ಯಾಸ್ಕೆಟ್ ಹೊಸತಿನಂತೆಯೇ ಇರುತ್ತದೆ. ಡ್ರೈವರ್‌ನನ್ನು ನಿನ್ನೆ ಏನಾಯಿತೆಂದು ಕೇಳಿದರೆ ಉತ್ತರ ಸಿಗುತ್ತದೆ. ಎಂಜಿನ್ ಬಿಚ್ಚಿದರೆ ಸಿಗುವುದಿಲ್ಲ.

ಅಹಮದಾಬಾದಿನ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿನ ರಿವರ್‌ಫ್ರಂಟ್‌ನಲ್ಲಿ ಕಾಣುವ ನೀರು ವಾಸಣಾ ಬ್ಯಾರೇಜ್ ತಡೆದು ನಿಲ್ಲಿಸಿದ್ದು, ಬಹುಪಾಲು ನರ್ಮದಾ ಕಾಲುವೆಯಿಂದ ಬಿಟ್ಟದ್ದು. ಉಪ್ಪಿಲ್ಲ, ಅಲೆಯಿಲ್ಲ, ಭರತವಿಲ್ಲ. ವಿಹಾರದ ದೋಣಿ ಒಂದು ಸೇತುವೆಯಿಂದ ಇನ್ನೊಂದು ಸೇತುವೆಗೆ ನಿಧಾನವಾಗಿ ಹೋಗಿ ತಿರುಗಿ ಬರುತ್ತದೆ, ಗಿರಾಕಿ ಇಲ್ಲದಾಗ ಕಟ್ಟಿಹಾಕಿರುತ್ತದೆ, ಬ್ಯಾರೇಜಿನ ಬಾಗಿಲು ತೆರೆದು ನದಿ ಬರಿದಾದಾಗ ವಾರಗಟ್ಟಲೆ ಸುಮ್ಮನಿರುತ್ತದೆ. ಎಂಜಿನ್‌ಗೆ ಇದಕ್ಕಿಂತ ಸುಖದ ಜೀವನ ಬೇರೆ ಇಲ್ಲ ಎನ್ನಿಸಬಹುದು. ಆದರೆ 1 ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ 1 ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಹೊಗೆಯ ಜತೆ ಹೊರಟುಹೋದರೂ ಸ್ವಲ್ಪ ಭಾಗ ರಿಂಗ್‌ಗಳ ಸಂದಿಯಿಂದ ಕೆಳಗಿಳಿಯುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಅದು ಮತ್ತೆ ಆವಿಯಾಗಿ ಹೋಗುತ್ತದೆ. ಅರೆಬಿಸಿಯಲ್ಲೇ ಎಂಜಿನ್ ನಿಲ್ಲಿಸುತ್ತಾ ಹೋದರೆ ಉಳಿದುಬಿಡುತ್ತದೆ. ಚಳಿಗಾಲದ ಬೆಳಗಿನ ಹೊತ್ತಿನಲ್ಲಿ ಇದು ಹೆಚ್ಚು. ಆಯಿಲ್ ಮುಚ್ಚಳದ ಒಳಮೈಗೆ ಬಿಳಿ ಲೋಳೆ ಮೆತ್ತಿರುತ್ತದೆ, ಡಿಪ್‌ಸ್ಟಿಕ್ ಮೇಲೆ ಮಾತ್ರ ಆಯಿಲ್ ಚೊಕ್ಕಟವಾಗಿರುತ್ತದೆ, ಮಟ್ಟವೂ ಏರಿರುವುದಿಲ್ಲ. ಇಂಥ ಎಂಜಿನ್‌ಗೆ ಬೇಕಾದ ಚಿಕಿತ್ಸೆ, ಒಂದು ಗಂಟೆ ಒಳ್ಳೆಯ ಲೋಡ್ ಕೊಟ್ಟು ಓಡಿಸುವುದು ಮತ್ತು ಗಂಟೆಗಳ ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ ಆಯಿಲ್ ಬದಲಿಸುವುದು. ಇದನ್ನೇ ಗ್ಯಾಸ್ಕೆಟ್ ತೊಂದರೆ ಎಂದು ತಿಳಿದು ಹೆಡ್ ಬಿಚ್ಚಿಸಿದರೆ ಇಲ್ಲದ ಕಾಯಿಲೆಗೆ ಆಪರೇಷನ್ ಮಾಡಿದಂತೆ. ಹಾಗಂತ ಕಂಡಿದ್ದೆಲ್ಲ ಆವಿಯ ನೀರು ಎಂದು ಬಿಟ್ಟುಬಿಡಲೂ ಬಾರದು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದರೆ ಅದು ಆವಿಯ ಕೆಲಸವಲ್ಲ. ಕೆಲವೇ ದಿನಗಳಲ್ಲಿ ಅರ್ಧ ಲೀಟರ್ ನೀರು ಕೂಡಿಸುವಷ್ಟು ತ್ರಾಣ ಆವಿಗಿಲ್ಲ.

ವಡೋದರಾದಲ್ಲಿ ಪ್ರಶ್ನೆಗೆ ಹೆಚ್ಚು ತುರ್ತಿದೆ. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ತನ್ನ ಅಪಾಯದ ಮಟ್ಟವಾದ 25 ಅಡಿಯನ್ನು 10 ಅಡಿಗೂ ಮೀರಿ ಏರಿತು. ಸೇನೆ, ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಅಗ್ನಿಶಾಮಕ ದಳದವರು ಬಡಾವಣೆಗಳ ಬೀದಿಗಳಲ್ಲಿ ದೋಣಿ ಓಡಿಸಿದರು. ಆ ನದಿಯಲ್ಲಿ ಮೊಸಳೆಗಳಿವೆ, ಅವೂ ನೆರೆಯ ಜತೆ ಮನೆಗಳಂಗಳಕ್ಕೆ ಬಂದವು. ನಡುನೀರಿನಲ್ಲಿ ಎಂಜಿನ್ ಕೆಟ್ಟು ನಿಂತ ದೋಣಿಯಿಂದ ಇಳಿದು ತಳ್ಳಿಕೊಂಡು ಹೋಗುವ ಮಾತು ಅಲ್ಲಿ ಇಲ್ಲ. ಎನ್‌ಡಿಆರ್‌ಎಫ್‌ನ 6ನೇ ಬೆಟಾಲಿಯನ್ ಇರುವುದೇ ವಡೋದರಾ ಜಿಲ್ಲೆಯ ಜರೋದ್‌ನಲ್ಲಿ, ಆದ್ದರಿಂದ ನುರಿತ ಕೈಗಳಿಗೆ ಕೊರತೆಯಿಲ್ಲ. ಆದರೆ ದೊಡ್ಡ ನೆರೆ ಬಂದಾಗ ಸಾಲದ್ದಕ್ಕೆ ಪಾಲಿಕೆಯ, ಜಿಲ್ಲಾಡಳಿತದ, ಅಕ್ಕಪಕ್ಕದ ಊರುಗಳ ದೋಣಿಗಳೂ ನೀರಿಗಿಳಿಯುತ್ತವೆ. ವರ್ಷದಲ್ಲಿ ಹತ್ತು ದಿನ ಜೀವ ಒತ್ತೆಯಿಟ್ಟು ದುಡಿದು, ಉಳಿದ ದಿನ ಗೋದಾಮಿನಲ್ಲಿ ಮಲಗುವ ಎಂಜಿನ್‌ಗಳು ಇವು.

ಔಟ್‌ಬೋರ್ಡ್ ಎಂಜಿನ್‌ನಲ್ಲಿ ಆಯಿಲ್ ಇರುವ ಜಾಗ ಎರಡು. ಮೇಲೆ ಎಂಜಿನ್, ನೀರಿನೊಳಗೆ ಮುಳುಗಿರುವ ಕೆಳಭಾಗದಲ್ಲಿ ಗೇರ್ ಬಾಕ್ಸ್. ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್‌ನಲ್ಲೇ ಆಯಿಲ್ ಬೆರೆಸುವುದರಿಂದ ಮೇಲೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ. ನೋಡಬೇಕಾದದ್ದು ಕೆಳಗಿನ ಗೇರ್ ಆಯಿಲ್. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಎರಡನ್ನೂ ನೋಡಬೇಕು, ಮೇಲಿನ ಆಯಿಲ್ ಮಟ್ಟ ಏರಿದ್ದರೆ ಮೂಗಿಗೂ ಕೆಲಸ ಕೊಡಬೇಕು, ಏಕೆಂದರೆ ಅಲ್ಲಿ ಸೇರುವುದು ಅನೇಕ ಸಲ ನೀರಲ್ಲ, ಉರಿಯದ ಪೆಟ್ರೋಲ್. ಗೇರ್ ಬಾಕ್ಸ್‌ಗೆ ನೀರು ನುಗ್ಗುವುದು ಹೆಚ್ಚಾಗಿ ಪ್ರೊಪೆಲ್ಲರ್ ಶಾಫ್ಟಿನ ಸೀಲ್‌ನಿಂದ. ನೆರೆನೀರಿನಲ್ಲಿ ತೇಲುವ ಸೀರೆ, ಪ್ಲಾಸ್ಟಿಕ್ ಹಗ್ಗ, ಕೇಬಲ್ ತಂತಿ ಶಾಫ್ಟಿಗೆ ಸುತ್ತಿ ಸೀಲಿನ ರಬ್ಬರ್ ಕೊಯ್ಯುತ್ತವೆ. ಉತ್ತರಾಯಣದಲ್ಲಿ ಗಾಳಿಪಟ ಹಾರಿಸುವ ಈ ನಾಡಿನಲ್ಲಿ ನೀರಿಗೆ ಬಿದ್ದ ನೈಲಾನ್ ದಾರವೊಂದೇ ಸಾಕು. ಹೊರಗಿನಿಂದ ಏನೂ ಕಾಣಿಸದು. ಪ್ರೊಪೆಲ್ಲರ್ ಕಳಚಿ ನೋಡಬೇಕು, ಗೇರ್ ಬಾಕ್ಸ್‌ಗೆ ಕೈಪಂಪಿನಿಂದ 1 ಬಾರ್‌ಗಿಂತ ತುಸು ಕಡಿಮೆ ಗಾಳಿ ತುಂಬಿ ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾಯಬೇಕು, ಇಳಿದರೆ ನೀರಿನ ತೊಟ್ಟಿಗೆ ಅದ್ದಿ ಗುಳ್ಳೆ ಏಳುವ ಜಾಗ ಹುಡುಕಬೇಕು. ಹೀಗೆ ಮಾಡದೆ ಗೇರ್ ಆಯಿಲ್ ಮಾತ್ರ ಬದಲಿಸಿದ ಎಂಜಿನ್, ಗೋದಾಮಿನಲ್ಲಿ ಇಟ್ಟಾಗ ನೋಡಲು ಸರಿಯಾಗಿರುತ್ತದೆ, ಮುಂದಿನ ನೆರೆಯ ಎರಡನೇ ದಿನ ಗೇರ್ ಕಚ್ಚಿಕೊಳ್ಳುತ್ತದೆ.

ಇಡೀ ಎಂಜಿನ್ ನೀರಿಗೆ ಬಿದ್ದು ಮುಳುಗಿದ್ದರೆ ಕಥೆಯೇ ಬೇರೆ. ಮೇಲೆತ್ತಿದ ತಕ್ಷಣ ‘ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎನ್ನುವ ಆಸೆಯೇ ಎಂಜಿನ್ನನ್ನು ಕೊಲ್ಲುತ್ತದೆ. ಸಿಲಿಂಡರ್‌ನಲ್ಲಿ ತುಂಬಿದ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಕಳಚಿ, ಕೈಯಿಂದ ತಿರುಗಿಸಿ ನೀರು ಹೊರಹಾಕಿ, ಆಯಿಲ್ ಇಳಿಸಿ, ಅಂದೇ ಮತ್ತೆ ಆಯಿಲ್ ತುಂಬಿ ಓಡಿಸಿ, ಇನ್ನೊಮ್ಮೆ ಬದಲಿಸಬೇಕು. ಇಲ್ಲಿ ನೀರಿನ ಮೂಲದ ಬಗ್ಗೆ ಸಂಶಯವಿಲ್ಲ, ಕಾಯುವ ಹೊತ್ತೂ ಅಲ್ಲ. ನಿಯಮಕ್ಕೆ ಇದು ನ್ಯಾಯವಾದ ವಿನಾಯಿತಿ. ಮುಳುಗಿತ್ತು ಎಂದು ದೋಣಿಯ ಎಂಜಿನ್ ಪುಸ್ತಕದಲ್ಲಿ ಬರೆದರೆ ಸಾಕು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡುವುದಿಲ್ಲ? ತಿಳಿವಳಿಕೆಯ ಕೊರತೆ ಎಂದು ನನಗನ್ನಿಸುವುದಿಲ್ಲ, ಹಣ ಹರಿಯುವ ರೀತಿಯೇ ಕಾರಣ. ಸರ್ಕಾರಿ ನಿರ್ವಹಣಾ ಗುತ್ತಿಗೆಗಳಲ್ಲಿ ಲೀಟರ್ ಆಯಿಲ್‌ಗೆ, ಫಿಲ್ಟರ್‌ಗೆ, ಬಿಡಿಭಾಗಕ್ಕೆ, ಕೂಲಿಗೆ ದರ ಇರುತ್ತದೆ. ರಾತ್ರಿ ಕಾದು ಬೆಳಿಗ್ಗೆ ನಟ್ ಸಡಿಲಿಸಿ ನೋಡುವುದಕ್ಕೆ ದರ ಎಲ್ಲಿದೆ? ಹುಡುಕಿದವನಿಗೆ ದುಡ್ಡಿಲ್ಲ, ಬದಲಿಸಿದವನಿಗೆ ಇದೆ. ಅದೇ ವಡೋದರಾದಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿಯೂ ದಶಕಗಳಿಂದ ನಡೆದುಬಂದಿದೆ. ಆ ನಗರ ಮತ್ತು ಸುತ್ತಮುತ್ತ ಟ್ರಾನ್ಸ್‌ಫಾರ್ಮರ್ ತಯಾರಿಕೆಗೆ ಹೆಸರುವಾಸಿ, ಮಕರ್‌ಪುರಾದಲ್ಲಿರುವ ಎರ್ಡಾ ಎಂಬ ವಿದ್ಯುತ್ ಸಂಶೋಧನಾ ಸಂಸ್ಥೆ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪರೀಕ್ಷೆ ನಡೆಸುತ್ತದೆ. ಅಲ್ಲಿ ಎಣ್ಣೆಯೊಳಗಿನ ನೀರನ್ನು ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂದು ಅಳೆಯುತ್ತಾರೆ, ನೀರು ಹೆಚ್ಚಾದರೆ ಯಾಕೆ ಹೆಚ್ಚಾಯಿತು ಎಂದು ಕೇಳುತ್ತಾರೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಯಾರ ಲೆಕ್ಕಕ್ಕೆ ಎಷ್ಟು ನಷ್ಟ ಎಂಬುದು ಸ್ಪಷ್ಟವಾಗಿರುವುದರಿಂದ ಆ ಶಿಸ್ತು ತಾನಾಗಿ ಬಂತು. ಹಡಗುಗಳಲ್ಲೂ ಹಾಗೆಯೇ, ಎಂಜಿನ್ ರೂಮಿನಲ್ಲೇ ಆಯಿಲ್‌ನ ನೀರು ಅಳೆಯುವ ಕಿಟ್ ಇಟ್ಟುಕೊಂಡಿರುತ್ತಾರೆ, ದಡದ ಪ್ರಯೋಗಾಲಯಕ್ಕೂ ನಿಯಮಿತವಾಗಿ ಸ್ಯಾಂಪಲ್ ಕಳಿಸುತ್ತಾರೆ. ಹಜೀರಾದಿಂದ ಘೋಘಾಕ್ಕೆ 2020ರ ನವೆಂಬರ್‌ನಲ್ಲಿ ಫೆರಿ ಆರಂಭವಾದಾಗ ಅಂಥ ದೊಡ್ಡ ನೌಕೆಗಳ ಶಿಸ್ತು ಸೂರತ್‌ನ ದಡಕ್ಕೂ ಬಂತು. ಅಲ್ಲಿಂದ ನದಿಗುಂಟ ಮೇಲಕ್ಕೆ ಇರುವ ಸಣ್ಣ ದೋಣಿಗೆ ಅದು ಇಳಿದು ಬರಬೇಕಿದೆ, ಅಷ್ಟೆ.

ಈ ನಿಯಮಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಮಕ್ಕಳ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು, ಬಹುಪಾಲು ಮಕ್ಕಳಿಗೆ ಲೈಫ್ ಜಾಕೆಟ್ ಇರಲಿಲ್ಲ. ಅಲ್ಲಿ ಮಕ್ಕಳನ್ನು ಕೊಂದದ್ದು ಎಂಜಿನ್ ಆಯಿಲ್ ಅಲ್ಲ. ಹಾಗಿರುವಾಗ ಆಯಿಲ್ ಚರ್ಚೆ ಮುಖ್ಯ ವಿಷಯದಿಂದ ಗಮನ ಬೇರೆಡೆ ಸೆಳೆಯುತ್ತದೆ ಎನ್ನಬಹುದು. ಜಾಕೆಟ್ ಮೊದಲು, ಆಯಿಲ್ ಆಮೇಲೆ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹರಣಿಯಿಂದ ಕಲಿಯಬೇಕಾದದ್ದು ಜಾಕೆಟ್ ಒಂದನ್ನೇ ಅಲ್ಲ. ಪ್ರತಿ ಸವಾರಿಗೂ ಎಷ್ಟು ಜನ ಹತ್ತಿದರು, ಯಾರು ಎಣಿಸಿದರು ಎಂದು ಬರೆದಿಡುವ ವ್ಯವಸ್ಥೆ ಇದ್ದ ಕಡೆ ಮಿತಿ ಮೀರುವುದು ಕಷ್ಟ. ಆಯಿಲ್, ನೀರಿನ ಲೆಕ್ಕ ಬರೆಯುವ ಎಂಜಿನ್ ಪುಸ್ತಕವೂ ಅದೇ ಜಾತಿಯದು. ಎಂಜಿನ್ ಪುಸ್ತಕ ಸರಿಯಾಗಿ ಬರೆಯುವ ಗುತ್ತಿಗೆದಾರ ಪ್ರಯಾಣಿಕರ ಎಣಿಕೆಯನ್ನು ಬಿಡುವ ಸಂಭವ ಕಡಿಮೆ. ಜತೆಗೆ ಇನ್ನೊಂದು: ತುಂಬಿದ ದೋಣಿಯ ಎಂಜಿನ್ ನಡುನೀರಿನಲ್ಲಿ ನಿಂತರೆ ದೋಣಿ ಗಾಳಿಗೆ, ಸೆಳವಿಗೆ ಅಡ್ಡ ತಿರುಗುತ್ತದೆ, ಜನ ಗಾಬರಿಯಿಂದ ಒಂದೇ ಬದಿಗೆ ಸರಿಯುತ್ತಾರೆ. ಮಗುಚುವುದಕ್ಕೆ ಅದಕ್ಕಿಂತ ಒಳ್ಳೆಯ ಸಿದ್ಧತೆ ಬೇಡ.

ಎರಡನೆಯದು ತುರ್ತಿನ ವಾದ. 2006ರ ಆಗಸ್ಟ್‌ನಲ್ಲಿ ತಾಪಿಯ ಉಕಾಯಿ ಅಣೆಕಟ್ಟಿನಿಂದ ಸುಮಾರು 9 ಲಕ್ಷ ಕ್ಯೂಸೆಕ್ ನೀರು ಬಿಟ್ಟು ಸೂರತ್‌ನ ಬಹುಭಾಗ ಮುಳುಗಿದಾಗ, ಮಾಳಿಗೆಗಳ ಮೇಲೆ ಜನ ನಿಂತಿರುವಾಗ, ಯಾರಾದರೂ ಆಯಿಲ್ ಸ್ಯಾಂಪಲ್ ಹಿಡಿದು ಕೂರುತ್ತಾರೆಯೇ? ಕೂರಬಾರದು. ನೆರೆಯ ನಡುವೆ ಆಯಿಲ್ ಬದಲಿಸಿ ದೋಣಿ ಬಿಡುವುದೇ ಸರಿ. ಆದರೆ ಬದಲಿಸುವಾಗ ಇಳಿದ ಆಯಿಲ್‌ನಲ್ಲಿ ನೂರು ಮಿಲಿ ಒಂದು ಪಾರದರ್ಶಕ ಬಾಟಲಿಗೆ ಹಿಡಿದು ದೋಣಿಯ ಸಂಖ್ಯೆ, ದಿನಾಂಕ, ಎಂಜಿನ್ ಗಂಟೆ ಬರೆದ ಚೀಟಿ ಅಂಟಿಸುವುದಕ್ಕೆ ಒಂದು ನಿಮಿಷ ಸಾಕು. ನೆರೆ ಇಳಿದ ಮೇಲೆ ಬಾಟಲಿ ತನ್ನ ಮಾತು ಹೇಳುತ್ತದೆ. ತಳದಲ್ಲಿ ನೀರು ಎಷ್ಟು ಕೂತಿದೆ, ಕೆಸರಿದೆಯೇ, ಲೋಹದ ಚೂರು ಮಿನುಗುತ್ತಿದೆಯೇ ಎಂಬುದನ್ನು ಬರಿಗಣ್ಣಿನಿಂದಲೇ ನೋಡಬಹುದು. ತುರ್ತು ಮುಗಿದ ಮೇಲಿನ ಹತ್ತು ತಿಂಗಳಲ್ಲೂ ಆ ಕೆಲಸ ಮಾಡದಿರುವುದಕ್ಕೆ ತುರ್ತಿನ ನೆಪ ಹೇಳುವಂತಿಲ್ಲ.

ಅನುಭವಿ ಮೆಕ್ಯಾನಿಕ್‌ಗೆ ಕಿವಿಯೇ ಸಾಕು, ಪ್ರಯೋಗಾಲಯ ಯಾಕೆ ಎಂಬುದು ಮೂರನೆಯ ಮಾತು. ಇದನ್ನು ಹಗುರವಾಗಿ ತಳ್ಳಿಹಾಕುವುದು ಅಹಂಕಾರವಾಗುತ್ತದೆ. ಮಲ್ಪೆಯಲ್ಲಾಗಲಿ ವೆರಾವಲ್‌ನಲ್ಲಾಗಲಿ ಇಪ್ಪತ್ತು ವರ್ಷ ಬೋಟಿನ ಎಂಜಿನ್ ಬಿಚ್ಚಿದವರಿಗೆ, ಬೋಟ್ ನಡೆಸುವ ತಾಂಡೇಲರಿಗೆ ಪುಸ್ತಕ ಓದಿದವರಿಗೆ ಗೊತ್ತಿಲ್ಲದ್ದು ಗೊತ್ತಿರುತ್ತದೆ. ಬಿಸಿ ತಗಡಿನ ಮೇಲೆ ಒಂದು ಹನಿ ಆಯಿಲ್ ಬಿಟ್ಟು ಚಟಪಟ ಸದ್ದು ಕೇಳುವ ಪರೀಕ್ಷೆ ಗ್ಯಾರೇಜಿನವರದೇ. ತಗಡು 150 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿದ್ದರೆ ಸಾವಿರಕ್ಕೆ ಒಂದು ಪಾಲು ನೀರಿದ್ದರೂ ಅದು ಹೇಳಿಬಿಡುತ್ತದೆ. ಆದರೆ ಅದು ನೀರಿದೆ ಎನ್ನುತ್ತದೆ, ಯಾವ ನೀರು ಎನ್ನುವುದಿಲ್ಲ. ಮೀನುಗಾರಿಕೆಯ ಬೋಟಿನ ಮೆಕ್ಯಾನಿಕ್ ಆ ಬೋಟನ್ನು ವರ್ಷವಿಡೀ ನೋಡುತ್ತಿರುತ್ತಾನೆ, ಬಂದರಿನಲ್ಲೇ ಇರುತ್ತಾನೆ, ತಪ್ಪಾದರೆ ಮಾಲೀಕ ಮರುದಿನ ಬಂದು ಕೊರಳಪಟ್ಟಿ ಹಿಡಿಯುತ್ತಾನೆ. ಪಾಲಿಕೆಯ ದೋಣಿಗೆ ಈ ವರ್ಷ ಒಬ್ಬ ಗುತ್ತಿಗೆದಾರ, ಮುಂದಿನ ವರ್ಷ ಇನ್ನೊಬ್ಬ. ಮೆಕ್ಯಾನಿಕ್‌ನ ನೆನಪು ಅವನ ಜತೆಗೇ ಹೊರಟುಹೋಗುತ್ತದೆ. ಅನುಭವಕ್ಕೆ ಬೆಲೆ ಕೊಡಬೇಕೆಂದರೆ ಅದನ್ನು ಬರೆಸಿಕೊಳ್ಳಬೇಕು, ಬರೆದದ್ದಕ್ಕೆ ದುಡ್ಡು ಕೊಡಬೇಕು.

ಕಾಗದದ ಹೊರೆ ಹೆಚ್ಚುತ್ತದೆ, ಸುಳ್ಳು ನಮೂದುಗಳು ಹುಟ್ಟುತ್ತವೆ ಎಂಬ ಭಯವೂ ಆಧಾರವಿಲ್ಲದ್ದಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆ 1917ರ ಹಳೇ ಕಾನೂನನ್ನು ತೆಗೆದುಹಾಕಿ ಯಂತ್ರದೋಣಿಗಳ ನೋಂದಣಿ, ಸರ್ವೇ ಎಲ್ಲಕ್ಕೂ ಹೊಸ ಚೌಕಟ್ಟು ಕೊಟ್ಟಿದೆ. ಅದರ ಮೇಲೆ ಇನ್ನೊಂದು ಪುಸ್ತಕ ಯಾಕೆ ಎನ್ನಬಹುದು. ಸರ್ವೇ ಎಂದರೆ ಒಂದು ದಿನದ ತಪಾಸಣೆ. ಅಂದು ಬೆಳಿಗ್ಗೆ ಹೊಸ ಆಯಿಲ್ ತುಂಬಿದ ಎಂಜಿನ್ ಸರ್ವೇಯರ್ ಮುಂದೆ ಮುಗ್ಧನಂತೆ ನಿಲ್ಲುತ್ತದೆ. ಬಾಟಲಿಗೆ ಆ ಜಾಣತನ ಬರುವುದಿಲ್ಲ. ಡಿಪ್‌ಸ್ಟಿಕ್ ಮಟ್ಟ, ತುಂಬಿಸಿದ ಆಯಿಲ್, ಕೂಲೆಂಟ್ ಟ್ಯಾಂಕಿಗೆ ಸುರಿದ ನೀರು ಈ ಮೂರನ್ನೂ ಒಂದೇ ಸಾಲಿನಲ್ಲಿ ಬರೆದರೆ ಸುಳ್ಳು ಬರೆಯುವುದೂ ಸುಲಭವಲ್ಲ, ಒಂದು ಅಂಕಿ ಇನ್ನೊಂದನ್ನು ಹಿಡಿದುಕೊಡುತ್ತದೆ. ಆಯಿಲ್ ಮಟ್ಟ ಏರುತ್ತಿದ್ದು ಕೂಲೆಂಟ್ ಇಳಿಯುತ್ತಿದ್ದರೆ ಸೋರಿಕೆ ಒಳಗಿನದು. ಆಯಿಲ್ ಏರಿ ಕೂಲೆಂಟ್ ಅಲುಗದಿದ್ದರೆ ನೀರು ಬರುತ್ತಿರುವುದು ನದಿಯಿಂದ. ಪರೀಕ್ಷೆಗೆ ಆಗುವ ಖರ್ಚು ಒಂದು ಔಟ್‌ಬೋರ್ಡ್ ಎಂಜಿನ್‌ನ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ, ಅದೂ ಪ್ರತಿ ಸಲ ಬೇಡ, ಬಣ್ಣ ಅಥವಾ ಮಟ್ಟ ಅನುಮಾನ ಹುಟ್ಟಿಸಿದಾಗ ಮಾತ್ರ.

ಇನ್ನು ಕೆಲವರು, ಬ್ಯಾಟರಿ ದೋಣಿಗಳು ಬರುತ್ತಿವೆ, ಈ ಆಯಿಲ್ ರಗಳೆ ತಾನಾಗಿ ಮುಗಿಯುತ್ತದೆ ಎನ್ನುತ್ತಾರೆ. ಸಾಬರಮತಿಯಂಥ ನಿಂತ ನೀರಿನ ವಿಹಾರಕ್ಕೆ ಅದು ಒಳ್ಳೆಯ ದಾರಿಯೇ, ಬೇಗ ಬರಲಿ. ವಿಶ್ವಾಮಿತ್ರಿಯ ನೆರೆಗೆ ವಿದ್ಯುತ್ ಕಡಿತವಾದ ಊರಿನಲ್ಲಿ ದಿನಗಟ್ಟಲೆ ಓಡಬೇಕಾದ ದೋಣಿಗೆ ಮಾತ್ರ ಪೆಟ್ರೋಲ್ ಕ್ಯಾನೇ ಇನ್ನೂ ಬಹುಕಾಲ ಆಸರೆ. ಬ್ಯಾಟರಿ ಮೋಟರ್‌ಗಳಲ್ಲೂ ಗೇರ್ ಇರುವ ಮಾದರಿಗಳಿಗೆ ಗೇರ್ ಆಯಿಲ್ ಬೇಕು, ಶಾಫ್ಟ್ ನೀರಿನಲ್ಲಿ ತಿರುಗುವ ಎಲ್ಲ ಕಡೆ ಸೀಲ್ ಇದ್ದೇ ಇರುತ್ತದೆ, ಗಾಳಿಪಟದ ದಾರ ಅಲ್ಲೂ ಸುತ್ತಿಕೊಳ್ಳುತ್ತದೆ. ಗುಜರಾತಿಗೆ ಮುಂಗಾರು ಮುಟ್ಟುವುದು ಜೂನ್ ಮಧ್ಯದ ಹೊತ್ತಿಗೆ. ಗೋದಾಮಿನ ಎಂಜಿನ್‌ಗಳ ಆಯಿಲ್ ಬಾಟಲಿಗಳನ್ನು ಮೇ ತಿಂಗಳ ಕೊನೆಗೆ ನೋಡಿದರೆ ಸೀಲ್, ಕೂಲರ್ ತರಿಸಲು ಸಮಯ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ನೋಡಿದರೆ ಸಿಗುತ್ತದೆ. ನಿರ್ವಹಣಾ ಗುತ್ತಿಗೆಯ ವರ್ಷ ಶುರುವಾಗುವುದೂ ಸಾಮಾನ್ಯವಾಗಿ ಅದೇ ಏಪ್ರಿಲ್‌ನಲ್ಲಿ. ದರಪಟ್ಟಿಗೆ ‘ನೀರಿನ ಮೂಲ ಪತ್ತೆ’ ಎಂಬ ಒಂದು ಸಾಲು ಸೇರಿಸಿ ಅದರ ಮುಂದೆ ಒಂದು ಮೊತ್ತ ಬರೆಯುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ, ಪಾಲಿಕೆಯ ಎಂಜಿನಿಯರ್ ಒಬ್ಬರ ಸಹಿ ಸಾಕು.